ಬಾಯ್ಕಾಟ್ ಸಾಹೇಬನೂ ನಮ್ಮ ಬೀದಿಯ ತಮಟೆಯೂ

ಕಾಲುವೆಕೊಪ್ಪಲು, ಶ್ರೀರಂಗಪಟ್ಟಣ ತಾಲ್ಲೂಕು
16 ಜೂನ್ 2024, ಭಾನುವಾರ

ಪ್ರೀತಿಯ ಅಪ್ಪಾ,

ನಿನ್ನ ಮಗಳು ರಂಜಿತಳ ಜೈಭೀಮ್. ಆಪರೇಷನ್ ಆದ ಕಣ್ಣಿನಲ್ಲಿ ನೀರು ಸೋರುವುದು ನಿಂತಿತೇ? ನಾಗಮಂಗಲದ ಬಿಸಿಲಿಗೆ ಕರಿ ಕನ್ನಡಕ ಹಾಕದೆ ಹೊರಗೆ ಹೋಗಬೇಡ. ಸಹನಕ್ಕ ನಿನಗೆ ಬೀಡಿ ಬಿಡಿಸಿದ್ದಾಳೆ ಎಂದು ಕೇಳಿ ಅಜ್ಜಿಗೆ ಸಂತೋಷವಾಯಿತು, ನಂಬಿಕೆ ಮಾತ್ರ ಬರಲಿಲ್ಲ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದ. ಅಕ್ಕ ಓದಿ ಹೇಳಲಿ, ನೀನು ಪೂರ್ತಿ ಕೇಳು.

ದೇವರಾಜುವಿನ ಹೋಟೆಲಿನಲ್ಲಿ ಊರವರಿಗೆಲ್ಲ ಗಾಜಿನ ಲೋಟ, ನಮ್ಮ ಬೀದಿಯವರಿಗೆ ಮಾತ್ರ ಪೇಪರ್ ಲೋಟ ಎಂಬುದು ನಿನಗೆ ಗೊತ್ತಿದ್ದದ್ದೇ. ನೀನು ಅಕ್ಕನ ಮನೆಗೆ ಹೋದ ಮೇಲೆ ಒಂದು ದಿನ ಇದೇಕೆ ಎಂದು ಕೇಳಿದರೆ, "ಕಿಲೀನಾಗಿರ್ಲಿ ಅಂತ ಕೊಡ್ತೀನಿ ಕಣವ್ವ, ನಿಮ್ಗೇ ಒಳ್ಳೇದಲ್ವಾ?" ಎಂದು ನಕ್ಕ. "ಅಂಗಾರೆ ನಿನ್ನ ಅಳಿಯನ್ಗೂ ಅದ್ರಲ್ಲೇ ಕೊಡಣ್ಣ" ಎಂದೆ. ನಗು ನಿಂತಿತು. ಅವತ್ತೇ ಬೀದಿಯವರೆಲ್ಲ ಸೇರಿ ಬಾಯ್ಕಾಟ್ ಮಾಡಿದೆವು. ಅಲ್ಲಿ ಟೀ ಕುಡಿಯುವುದಿಲ್ಲ. ಲೋಟ ಬದಲಾಗುವವರೆಗೆ ಮೇಲಿನ ಬೀದಿಯ ಯಾರ ಸಾವಿಗೂ ತಮಟೆ ಬಡಿಯುವುದಿಲ್ಲ, ಗುಂಡಿ ತೋಡುವುದಿಲ್ಲ.

ಬಾಯ್ಕಾಟ್ ಎಂಬುದು ಒಬ್ಬ ಮನುಷ್ಯನ ಹೆಸರು, ಅಪ್ಪಾ. ಒಂದು ಕಿರುಹೊತ್ತಿಗೆಯಲ್ಲಿ ಓದಿದೆ. 1880ರಲ್ಲಿ ಐರ್ಲೆಂಡಿನ ಜಮೀನುದಾರನೊಬ್ಬನಿಗೆ ಏಜೆಂಟನಾಗಿದ್ದವನು. ಬೆಳೆ ಕೆಟ್ಟಿದೆ, ಗುತ್ತಿಗೆ ಇಳಿಸಿ ಎಂದ ರೈತರನ್ನು ಒಕ್ಕಲೆಬ್ಬಿಸಲು ಹೊರಟ. ಜನ ಅವನ ಮೇಲೆ ಕೈಮಾಡಲಿಲ್ಲ. ಕುಯ್ಲಿಗೆ ಹೋಗಲಿಲ್ಲ, ಮನೆಗೆಲಸ ಬಿಟ್ಟರು, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ. ಕೊನೆಗೆ ಸಿಪಾಯಿಗಳ ಕಾವಲಿನಲ್ಲಿ ಹೊರಗಿನವರು ಬಂದು ಬೆಳೆ ಕೊಯ್ಯಬೇಕಾಯಿತು. ಅದೇ ವರ್ಷ ಅವನು ಊರು ಬಿಟ್ಟ. ಅವನ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ಉಳಿಯಿತು. ನಮ್ಮ ಕಡೆ ಬಹಿಷ್ಕಾರ ಎಂದರೆ ಮೇಲಿನವರು ನಮಗೆ ಹಾಕುವುದು. ಅಲ್ಲಿ ಕೈಯಲ್ಲಿ ಏನೂ ಇಲ್ಲದವರು ಮೇಲಿನವನಿಗೆ ಹಾಕಿದರು!

ಅಜ್ಜಿಗೂ ಓದಿ ಹೇಳಿದೆ. ಎಲೆಅಡಿಕೆ ಜಗಿಯುತ್ತ, "ಅಂಗಾರೆ ಆ ಸಾಯೇಬ್ನಿಗೆ ಊರಲ್ಲಿ ಒಬ್ಬ ಗೆಳೆಯ್ನೂ ಇರ್ನಿಲ್ವಾ?" ಎಂದಳು. ಹೊತ್ತಿಗೆಯಲ್ಲಿ ಅದರ ಮಾತಿಲ್ಲ.

ಇಷ್ಟು ದಿನ ಬೀದಿಯವರು ಮಾತು ಉಳಿಸಿಕೊಂಡಿದ್ದಾರೆ. "ನಾವೇನೋ ನಿಂತ್ಕತೀವಿ ಕಣವ್ವ, ನಿಮ್ಮಪ್ಪ ಬಂದು ಬಡ್ದುಬುಟ್ರೆ?" ಎಂದು ಕರಿಯಯ್ಯ ಮಾವ ಕೇಳುತ್ತಾನೆ. ಸಾವಿನ ತಮಟೆ ಒಗ್ಗಿರುವುದು ನಿನ್ನ ಕೈಗೇ. ನೀನೊಬ್ಬ ಬಡಿದರೆ ನಮ್ಮೆಲ್ಲರ ಮಾತೂ ಮುರಿಯಿತು.

ಅಕ್ಕನಿಗೆ ನನ್ನ ನೆನಪು, ಮಗುವಿಗೆ ಮುತ್ತು. ಕಣ್ಣಿಗೆ ಔಷಧಿ ಬಿಡುವುದು ಮರೆಯಬೇಡ.

ನಿನ್ನ ಹಟಮಾರಿ ಮಗಳು,
ರಂಜಿತ

ವಿ.ಸೂ.: ಕಾಗದ ಮಡಚುವಾಗ ಸುದ್ದಿ ಬಂತು. ದೇವರಾಜುವಿನ ಅಪ್ಪ ಚಲುವಯ್ಯನವರು ತೀರಿಕೊಂಡರು. ನಾಳೆ ಸಂಜೆ ಮಣ್ಣು. ಅಕ್ಕನ ಮೈದುನ ಶಶಿ ಬೆಳಗಿನ ಮೊದಲ ಬಸ್ಸಿಗೆ ಈ ಕಾಗದ ತರುತ್ತಾನೆ. ನೀನೂ ಚಲುವಯ್ಯನವರೂ ವರ್ಷಗಟ್ಟಲೆ ಒಂದೇ ಗಾಡಿಯಲ್ಲಿ ಕಬ್ಬು ಹೊಡೆದವರು, ನನಗೆ ಗೊತ್ತು. ತಮಟೆಗೆ ಬಾ ಎಂದು ದೇವರಾಜು ಫೋನಿನಲ್ಲಿ ಅಳುತ್ತಾನೆ, ನಿನಗೂ ತಡೆಯಲಾಗುವುದಿಲ್ಲ. ಬಾ ಅಪ್ಪಾ, ಬೇಡ ಎನ್ನಲಾರೆ. ಆದರೆ ತಮಟೆಯವರು ನಡೆಯುವ ಮುಂದಿನ ಜಾಗದಲ್ಲಿ ನಿಲ್ಲಬೇಡ. ಹೆಣದ ಹಿಂದೆ, ಅವರ ಮನೆಯವರ ಜೊತೆ, ಬರಿಗೈಲಿ ನಡೆ. ನಮ್ಮ ಬೀದಿಯವರು ಅಲ್ಲಿ ನಡೆಯಬಾರದು ಎಂದು ಯಾರಾದರೂ ಅಂದರೆ ಅನ್ನಲಿ. ನಿನ್ನ ಪಕ್ಕದಲ್ಲಿ ನಾನಿರುತ್ತೇನೆ.