ನಡೆಯದ ಕಾರ್ಡು

೧೨ ಮಾರ್ಚ್, ಬುಧವಾರ

ಈ ಪರದೇಶದ ಹೋಟೆಲಿನ ಕೌಂಟರಿನಲ್ಲಿದ್ದ ಆ ಹೆಂಗಸಿನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನನ್ನದೇ ವಯಸ್ಸಿರಬೇಕು. ಊಟದ ಬಿಲ್ಲಿಗೆ ನನ್ನ ಕ್ರೆಡಿಟ್ ಕಾರ್ಡ್ ನಡೆಯದಿದ್ದಾಗ ಅದನ್ನು ತನ್ನ ಏಪ್ರನ್ನಿಗೆ ಒರೆಸಿ ಮತ್ತೆ ಮತ್ತೆ ಹಾಕಿ ನೋಡಿದಳು. ಕೋಪ ಬಂದರೆ ನನಗೆ ಬರುವುದು ಇಂಗ್ಲಿಷೇ. ನಿಮಗೆ ಮಷೀನು ಬಳಸಲು ಬರುವುದಿಲ್ಲ, ಮ್ಯಾನೇಜರನ್ನು ಕರೆಯಿರಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವನು ಬಂದು ಅವಳನ್ನು ಪಕ್ಕಕ್ಕೆ ಕರೆದು ಗದರಿದ.

ಅಕ್ಕ ಪರ್ಸಿನಿಂದ ನೋಟು ತೆಗೆದು ಕೊಟ್ಟಳು. "ನನ್ನ ಹಾಗೇ ನಿನ್ನ ಕಾರ್ಡಿಗೂ ವಿಮಾನ ಆಗಿಬರ್ಲಿಲ್ಲ ಅನ್ಸತ್ತೆ ಕಣೆ" ಎಂದು ನಗಿಸಲು ನೋಡಿದಳು.

ರೂಮಿಗೆ ಬಂದು ಬ್ಯಾಂಕಿನ ಆ್ಯಪ್ ತೆರೆದೆ. ವಿದೇಶದ ಬಳಕೆ ಎಂಬುದರ ಮುಂದೆ 'ಆಫ್' ಎಂದಿತ್ತು. ಯಾರಾದರೂ ದುಡ್ಡು ಹೊಡೆದಾರೆಂಬ ಭಯಕ್ಕೆ ಹಿಂದೊಮ್ಮೆ ನಾನೇ ಆಫ್ ಮಾಡಿದ್ದೆ. ಹೊರಡುವಾಗ ಮರೆತೇಬಿಟ್ಟಿದ್ದೆ.

ಅಕ್ಕ ಕನ್ನಡಿಯ ಮುಂದೆ ಜಡೆ ಬಿಚ್ಚುತ್ತಾ, "ನಾಳೆ ತಿಂಡಿಗೆ ಬೇರೆ ಕಡೆ ಹೋಗೋಣ. ಆ ಹೆಂಗಸಿಗೆ ಕೆಲಸಾನೇ ಬರಲ್ಲ. ಪಾಪ, ನಿನ್ನನ್ನ ಎಲ್ಲರ ಮುಂದೆ ಹಾಗೆ ನಿಲ್ಲಿಸಿಬಿಟ್ಳು" ಎಂದಳು.

ಆಗಲೇ ಹೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. "ಹೂಂ" ಎಂದೆ.

ಈಗ ಅವಳು ನಿದ್ದೆ ಹೋಗಿದ್ದಾಳೆ. ಬೆಳಿಗ್ಗೆ ಅದೇ ಹೋಟೆಲಿಗೆ ಹೋಗಿ ಆ ಹೆಂಗಸಿನ ಕ್ಷಮೆ ಕೇಳಬೇಕು, ಮ್ಯಾನೇಜರನ ಎದುರಿಗೇ. ತಪ್ಪು ನನ್ನದು ಎಂದು ಅವನಿಗೂ ಗೊತ್ತಾಗಬೇಕು. ಆದರೆ ಇಷ್ಟೆಲ್ಲ ಬರೆಯುತ್ತಿರುವಾಗಲೂ ನಾನು ಯೋಚಿಸುತ್ತಿರುವುದು, ಅಕ್ಕ ಏಳುವ ಮುಂಚೆ ಹೋಗಿಬಂದುಬಿಡುವುದು ಹೇಗೆ ಎಂದು.