ಶುಕ್ರವಾರ ಮಧ್ಯಾಹ್ನದ ಪಾಳಿ

ಸೆಪ್ಟೆಂಬರ್ 10, 2025. ಬುಧವಾರ, ರಾತ್ರಿ

ಸೀರೆಯ ಕಪ್ಪು ಫಾಲ್ಸ್ ಮುಗಿದಿದೆ, ತರಿಸಬೇಕು. ಲೈನಿಂಗ್ ಕೂಡ ಸ್ವಲ್ಪವೇ ಉಂಟು. ಬೆಳಿಗ್ಗೆ ಒಬ್ಬಳು ಹನ್ನೊಂದು ಹಸಿರು ಬ್ಲೌಸ್ ಪೀಸ್ ತೆಗೆಸಿ, 'ಇದಲ್ಲ ಆಂಟಿ' ಅಂತ ಹೋದಳು. ಇದಲ್ಲದ್ದು ಯಾವುದು ಅಂತ ಅವಳಿಗೂ ಗೊತ್ತಿಲ್ಲ.

ಓಣಿಯ ಬೆಲ್ ಇವತ್ತು ಶುರು. ನಡುವಿನ ಲೈಟ್ ಕಂಬಕ್ಕೆ ಕೆಂಪು ಬಟನ್. ಯಾರಿಗಾದ್ರೂ ಹೆದರಿಕೆ ಆದ್ರೆ ಒತ್ತುವುದು, ಪಾಳಿಯ ಅಂಗಡಿಯಲ್ಲಿ ಹೊಡಕೊಳ್ತದೆ. ಕಾರ್ಪೊರೇಷನ್‌ನವರು ಲೈಟ್ ಕೊಟ್ಟರು. ಪೊಲೀಸಿನವರು ಕ್ಯಾಮೆರಾ. ನಾವು ಅಂಗಡಿಯವರು ಬೆಲ್ಲು, ಎರಡು ಬೆಂಚು, ಹೂವಿನ ಚಟ್ಟಿ. ಎಲ್ಲರ ಗಾಜಿಗೂ ಹಳದಿ ಸ್ಟಿಕ್ಕರ್ — 'ಹೆದರಬೇಡಿ, ಒಳಗೆ ಬನ್ನಿ'. ನನ್ನ ಮ್ಯಾಚಿಂಗ್ ಸೆಂಟರಿಗೂ ಅಂಟಿಸಿದರು.

ಭಾನುವಾರ ನಾವು ಬಾಗಿಲು ಹಾಕುವಾಗ ಬ್ಯಾರಿ ಮುಸ್ಲಿಮರು ಓಣಿ ನೋಡಿಕೊಳ್ಳುವುದು. ಶುಕ್ರವಾರ ಜುಮಾ ನಮಾಜಿನ ಹೊತ್ತಿಗೆ ಅವರ ಹದಿನಾಲ್ಕು ಅಂಗಡಿಯೂ ಬಂದ್, ಆಗ ನಮ್ಮವರು. ಅದು ಯಾರು ಅಂತ ಮೀಟಿಂಗಿನಲ್ಲಿ ಚರ್ಚೆ. ಎದುರಿನ ಕೊಡೆ ಅಂಗಡಿಯ ಅಹ್ಮದ್ ಬಾವಾಕ ಎದ್ದು ನಿಂತರು.

"ಗುಲಾಬಕ್ಕನಿಗೇ ಕೊಡುವ. ಆ ದಿನ ಅವರು ಊಟಕ್ಕೆ ಮನೆಗೆ ಹೋಗದೆ ಇಲ್ಲಿ ಇದ್ದಿದ್ರೆ, ನನ್ನ ಮೊಮ್ಮಗಳಿಗೆ ಹಾಗೆ ಆಗ್ತಿರ್ಲಿಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಚಾ ಕುಡಿದೆ.

ಸೆಪ್ಟೆಂಬರ್ 12, ಶುಕ್ರವಾರ. ಮಧ್ಯಾಹ್ನ 1.05

12.50ಕ್ಕೆ ಬೆಲ್. ನನ್ನ ಪಾಳಿಯ ಮೊದಲ ದಿನವೇ. ಬೀಟ್ ಕಾನ್‌ಸ್ಟೇಬಲ್ ಜಯ ಮೇಡಂ ಹೇಳಿಕೊಟ್ಟ ಹಾಗೆ — 'ಮೊದಲು ಹೊರಗೆ ಬನ್ನಿ, ಯೋಚನೆ ಆಮೇಲೆ' — ಓಡಿದೆ.

ಯಾರೂ ಇಲ್ಲ. ಈ ತುದಿಯಿಂದ ಆ ತುದಿವರೆಗೆ ಇಳಿದ ಶಟರುಗಳು (ನಮ್ಮವರದ್ದೂ ಊಟಕ್ಕೆ ಬಂದ್), ಬಿಸಿಲು, ಬೆಂಚಿನಡಿ ಒಂದು ಬೆಕ್ಕು. ಆಚೆ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನ ಬಸ್ಸುಗಳ ಹಾರ್ನ್ ಕೂಡ ಕೇಳಲಿಲ್ಲ. ಓಣಿಯ ಅಂಗಡಿಯವರ ಸಮಿತಿಯ ರಿಜಿಸ್ಟರಿನಲ್ಲಿ ಬರೆದೆ: ಯಾರೂ ಇಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮತ್ತೆ. 12.50. ಮತ್ತೆ ಯಾರೂ ಇಲ್ಲ. ಬೆಕ್ಕೂ ಇಲ್ಲ.

ಎಲೆಕ್ಟ್ರಿಷಿಯನ್ ಬಂದು ನೋಡಿದ. ಮಳೆ ನೀರು ಹೋಗಿರ್ಬೇಕು ಅಂದ. ಮಳೆ ನೀರಿಗೆ ವಾರ, ಗಂಟೆ ಎಲ್ಲ ಗೊತ್ತಾಗ್ತದಾ ಮಾರಾಯ ಅಂತ ಬೈದೆ. ವಯರ್ ಬದಲಿಸಿ ಹೋದ.

ಸೆಪ್ಟೆಂಬರ್ 26, ಶುಕ್ರವಾರ

12.50.

ಅಕ್ಟೋಬರ್ 3, ಶುಕ್ರವಾರ. 1.30

ಎಲೆಕ್ಟ್ರಿಷಿಯನ್ ನಿನ್ನೆ ಬೆಲ್ಲನ್ನೇ ಬಿಚ್ಚಿ ರಿಪೇರಿಗೆ ಕೊಂಡುಹೋಗಿದ್ದಾನೆ. ಇವತ್ತು ನೆಮ್ಮದಿ ಅಂತ ಕೂತಿದ್ದೆ.

12.50ಕ್ಕೆ ಹೊಡೆಯಿತು. ಗೋಡೆಯಲ್ಲಿ ಎರಡು ಸ್ಕ್ರೂ ತೂತು ಮಾತ್ರ ಉಂಟು. ಆ ತೂತುಗಳನ್ನೇ ನೋಡ್ತಾ ನಿಂತೆ. ನಿಲ್ಲುವವರೆಗೆ ನೋಡಿದೆ, ಆಮೇಲೆ ಹೊರಗೆ ಹೋದೆ. ರಿಜಿಸ್ಟರಿನಲ್ಲಿ ಎಂತ ಬರೆಯುವುದು? ಬರೆಯಲಿಲ್ಲ.

ಅಕ್ಟೋಬರ್ 7, ಮಂಗಳವಾರ

ಜಯ ಮೇಡಂ ಮೊಬೈಲಿನಲ್ಲಿ ಕ್ಯಾಮೆರಾ ರೆಕಾರ್ಡ್ ತೋರಿಸಿದರು. ನಾಲ್ಕು ಶುಕ್ರವಾರದ್ದೂ. ಬಟನ್ ಹತ್ತಿರ ಒಂದು ನರಪಿಳ್ಳೆ ಇಲ್ಲ. ನಾನು ಮಾತ್ರ ಬರ್ತೇನೆ.

"ಗುಲಾಬಕ್ಕ, ಒಂದು ಕೇಳ್ತೇನೆ. ಮೆಟ್ಟಿಲು ಇಳಿದ ಕೂಡಲೇ ಎಂತದನ್ನು ದಾಟುದು ನೀವು?"

ಮತ್ತೆ ಹಾಕಿ ತೋರಿಸಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಇಳಿಯುತ್ತೇನೆ. ಸೀರೆ ಸ್ವಲ್ಪ ಎತ್ತುತ್ತೇನೆ. ಕಾಲು ಎತ್ತರಕ್ಕೆ ಎತ್ತಿ, ಅಗಲಕ್ಕೆ ಇಟ್ಟು, ದಾಟಿ ಹೋಗ್ತೇನೆ. ನಾಲ್ಕು ವಾರವೂ ಅದೇ ಜಾಗ. ಅಲ್ಲಿ ಬರೀ ಸಿಮೆಂಟು.

ನನಗೆ ಇದೊಂದೂ ನೆನಪಿಲ್ಲ.

"ಮೊಣಕಾಲು ನೋವು ಮಾರಾಯ್ರೆ" ಅಂದೆ. ಅವರು ಮೊಬೈಲ್ ಬ್ಯಾಗಿಗೆ ಹಾಕಿಕೊಂಡರು. ಚಾ ಕುಡಿಯದೆ ಹೋದರು.

ಅಕ್ಟೋಬರ್ 11, ಶನಿವಾರ

ನಿನ್ನೆ ಅಂಗಡಿ ತೆರೆಯಲಿಲ್ಲ. ಜ್ವರ ಅಂತ ಫೋನ್ ಮಾಡಿ ಹೇಳಿದೆ. ಜ್ವರ ಇರಲಿಲ್ಲ.

ಇವತ್ತು ಬಾವಾಕ ಎಳನೀರು ಹಿಡಿದುಕೊಂಡು ಬಂದರು. "ನಿನ್ನೆ ನಿಮ್ಮ ಪಾಳಿಗೆ ನಾನೇ ಕೂತೆ ಅಕ್ಕ. ಬೇರೆ ಯಾರೂ ಸಿಗ್ಲಿಲ್ಲ."

"ನಿಮ್ಮ ನಮಾಜು?"

"ಜುಮಾ ತಪ್ಪಿತು. ಎಂತ ಮಾಡುದು. ಓಣಿ ಖಾಲಿ ಬಿಡ್ಲಿಕ್ಕೆ ನನಗೆ ಇನ್ನು ಈ ಜನ್ಮದಲ್ಲಿ ಧೈರ್ಯ ಇಲ್ಲ."

ರಿಪೇರಿ ಆಗಿ ಬಂದ ಬೆಲ್ ಹೊಡೆಯಿತಾ ಅಂತ ಕೇಳಿದೆ. ಇಲ್ಲವಂತೆ. ಕಾಗೆ ಕೂಡ ಕೂಗಲಿಲ್ಲವಂತೆ.

ಅವರು ಹೋದ ಮೇಲೆ ಎಳನೀರನ್ನು ಹೂವಿನ ಚಟ್ಟಿಗೆ ಹೊಯ್ದೆ. ನಾಚಿಕೆ ಆಗ್ತದೆ. ಇಷ್ಟು ವಯಸ್ಸಿನಲ್ಲಿ ಇಷ್ಟು ನಾಚಿಕೆ ಯಾರಿಗೂ ಬರಬಾರದು.

ಅಕ್ಟೋಬರ್ 18, ಶನಿವಾರ. ಬೆಳಿಗ್ಗೆ 5

ಬೆಲ್ ನಿನ್ನೆಯೂ ಹೊಡೆಯಿತು. ಬರೆದುಬಿಡ್ತೇನೆ. ಇದನ್ನು ಓದುವವರು ಯಾರು?

2023, ನವೆಂಬರ್ 10. ಶುಕ್ರವಾರ. ನಾನು ಮನೆಗೆ ಹೋಗಿರಲಿಲ್ಲ. ಶಟರ್ ಪೂರ್ತಿ ಎಳೆದು ಒಳಗೆ ಉಣ್ತಾ ಇದ್ದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ.

ಶಟರ್ ತಟ್ಟಿದ ಶಬ್ದ. ಮೂರು ಸಲ. "ಗುಲಾಬಕ್ಕ... ಗುಲಾಬಕ್ಕ..." ಸ್ವರ ಗುರ್ತ ಸಿಕ್ಕಿತು. ರುಮೈಸಾ. ಬಾವಾಕರ ಮೊಮ್ಮಗಳು, ಕಾಲೇಜಿನಿಂದ ಅಜ್ಜನ ಅಂಗಡಿಗೆ ಬಂದವಳು. ಅಜ್ಜ ಮಸೀದಿಯಲ್ಲಿ. ಹಿಂದೆ ಯಾರೋ ಗಂಡಸಿನ ಕೆಮ್ಮು.

ಹೆದರಿ ಕೂತೆ ಅಂತ ಬರೆಯಲಿಕ್ಕೆ ಹೊರಟಿದ್ದೆ. ಸುಳ್ಳು. ಹೆದರಿಕೆ ಆಮೇಲೆ ಬಂದದ್ದು. ಮೊದಲು ಬಂದದ್ದು ಸಿಟ್ಟು. ಊಟದ ಹೊತ್ತಿಗೆ ಬರುವವರ ಮೇಲೆ ನನಗೆ ಯಾವಾಗಲೂ ಬರುವ ಸಿಟ್ಟು. ಎರಡು ತುತ್ತು ಉಂಟು, ಮುಗಿಸಿ ಏಳ್ತೇನೆ ಅಂತ ಕೂತೆ.

ಎರಡು ತುತ್ತು ಉಂಡೆ. ಅಷ್ಟರಲ್ಲಿ ಹೊರಗೆ ಬಿದ್ದ ಸದ್ದು, ಓಡಿದ ಸದ್ದು. ಆ ಗಂಡಸು ಅವಳ ಬ್ಯಾಗು ಎಳೆದು, ಅವಳನ್ನು ದೂಡಿ, ಓಡಿದ್ದಾನೆ. ತಲೆ ನನ್ನ ಅಂಗಡಿಯ ಮೆಟ್ಟಿಲಿಗೆ ಬಡಿದದ್ದು. ಬಾವಾಕ ಮಸೀದಿಯಿಂದ ಬಂದು ನೋಡುವಾಗ ಒಂದೂವರೆ. ನಲವತ್ತು ನಿಮಿಷ ಅಲ್ಲೇ ಬಿದ್ದಿದ್ದಳು. ಸ್ವಲ್ಪ ಮೊದಲು ತಂದಿದ್ರೆ ಅಂತ ಅತ್ತಾವರದ ಆಸ್ಪತ್ರೆಯ ಡಾಕ್ಟ್ರು ಹೇಳಿದರಂತೆ. ಎಡಗೈ ಇವತ್ತಿಗೂ ಸರಿ ಏಳುವುದಿಲ್ಲ. ಕಾಲೇಜು ಬಿಟ್ಟಳು. ಕೂಳೂರಿನ ಮನೆಯ ಹೊಸ್ತಿಲು ದಾಟದೆ ಎರಡು ವರ್ಷ ಆಗ್ತಾ ಬಂತು. ಆ ಗಂಡಸು ಸಿಗಲೇ ಇಲ್ಲ.

ನಾನು ಎರಡು ಗಂಟೆಗೆ ಊಟ ಮುಗಿಸಿ ಮನೆಯಿಂದ ಬಂದವಳ ಹಾಗೆ ಬಂದೆ. ಹಿಂದಿನ ಬಾಗಿಲಿಂದ ಹೋಗಿ, ಮಾರ್ಕೆಟ್ ಸುತ್ತು ಹಾಕಿ.

ನಡುವೆ ಒಂದು ಉಂಟು. ಅದನ್ನು ಬರೆಯಲಿಕ್ಕೆ ಕೈ ಬರುವುದಿಲ್ಲ.

ನವೆಂಬರ್ 11, ಮಂಗಳವಾರ. ರಾತ್ರಿ

ಬಾವಾಕ ಬಂದರು. ಮುಖದಲ್ಲಿ ಬೆಳಕು. ಎರಡು ವರ್ಷದಲ್ಲಿ ಅವರನ್ನು ಹಾಗೆ ನೋಡಿದ್ದಿಲ್ಲ.

"ರುಮೈಸಾ ಬರ್ತಾಳಂತೆ ಅಕ್ಕ. ಅವಳೇ ಹೇಳಿದ್ದು. ಬೆಲ್ಲು, ಸ್ಟಿಕ್ಕರು, ಎಲ್ಲದರ ಫೋಟೋ ತೋರಿಸಿದ್ದೆ. ಶುಕ್ರವಾರ, ಅದೇ ಹೊತ್ತಿಗೆ. ಜನ ಇದ್ರೆ ಆಗುವುದಿಲ್ಲವಂತೆ. ಅವಳ ಉಮ್ಮ ಝೈನಬ್ ರಿಕ್ಷಾದಲ್ಲಿ ಕರಕೊಂಡು ಬರ್ತಾಳೆ. ನಾನು ಮಸೀದಿಯಲ್ಲಿ ಇರ್ತೇನೆ. ನೀವು ಇದ್ದೀರಲ್ಲ, ಸಾಕು."

ಸಂತೋಷ ಅಂದೆ. ಹೋಗುವಾಗ ತಿರುಗಿ ನಿಂತರು.

"ಮತ್ತೆ... ಅವಳು ಒಂದು ಕೇಳಿದಳು. ನನಗೆ ಅರ್ಥ ಆಗ್ಲಿಲ್ಲ. ಗುಲಾಬಕ್ಕ ಈಗಲೂ ಚಪ್ಪಲಿ ಶಟರಿನ ಹೊರಗೆ ಬಿಡ್ತಾರಾ ಅಂತ."

ಬಿಡ್ತೇನೆ ಅಂತ ಹೇಳಿದೆ. ಅವರು ನಗಾಡಿ ಹೋದರು.

ಅಂಗಡಿಯೊಳಗೆ ಚಪ್ಪಲಿ ಹಾಕುವ ಕ್ರಮ ನನಗಿಲ್ಲ. ಆ ದಿನವೂ ಹೊರಗೇ ಇತ್ತು. ಒಳಗೆ ನಾನಿದ್ದೇನೆ ಅಂತ ಗೊತ್ತಾಗಿಯೇ ಅವಳು ತಟ್ಟಿದ್ದು. ಎಲ್ಲ ಸದ್ದು ನಿಂತ ಮೇಲೆ ಶಟರ್ ಒಂದು ಗೇಣು ಎತ್ತಿದೆ. ಎದುರಿಗೇ ಅವಳ ಮುಖ. ಕಣ್ಣು ಮುಚ್ಚಿದ್ದಾಳೆ ಅಂದುಕೊಂಡೆ. ಕೈ ಮಾತ್ರ ಹೊರಗೆ ಹಾಕಿ, ಚಪ್ಪಲಿ ಒಳಗೆ ಎಳೆದುಕೊಂಡೆ. ಶಟರ್ ಇಳಿಸಿದೆ.

ಕಣ್ಣು ಮುಚ್ಚಿರಲಿಲ್ಲ.

ಎರಡು ವರ್ಷ ಯಾರಿಗೂ ಹೇಳಲಿಲ್ಲ ಆ ಹುಡುಗಿ. ಅಜ್ಜನಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ?

ನವೆಂಬರ್ 14, ಶುಕ್ರವಾರ. 12.20

ಶಟರ್ ಪೂರ್ತಿ ಮೇಲೆ ಎತ್ತಿದ್ದೇನೆ. ಚಪ್ಪಲಿ ಹೊರಗೆ, ಮೆಟ್ಟಿಲ ಬದಿಯಲ್ಲಿ, ಜೋಡಿಸಿ ಇಟ್ಟಿದ್ದೇನೆ. ಬುತ್ತಿ ತರಲಿಲ್ಲ.

ಹೇಳ್ತೇನೆ. ಮೊದಲು ರುಮೈಸಾಗೆ. ಬಾವಾಕ ಬಂದ ಮೇಲೆ ಅವರಿಗೆ. ಆಮೇಲೆ ಜಯ ಮೇಡಂಗೆ ಬರೆದು ಕೊಡುವುದು. ಬಾವಾಕ ಮುಖಕ್ಕೆ ಉಗಿದರೆ ಉಗಿಯಲಿ. ಸ್ಟಿಕ್ಕರ್ ಕಿತ್ತರೆ ಕೀಳಲಿ.

12.42

ಝೈನಬ್ ಫೋನ್. ಕೂಳೂರು ಸೇತುವೆಯಲ್ಲಿ ಬ್ಲಾಕ್. ರಿಕ್ಷಾ ಅಲುಗುವುದಿಲ್ಲ. ಒಂದೂಕಾಲು ಆಗ್ತದೆ ಅಂದಳು. "ರುಮೈಸಾ ಹತ್ತಿರವೇ ಇದ್ದಾಳೆ, ನನ್ನ ಕೈ ಹಿಡಿದು ಕೂತಿದ್ದಾಳೆ."

ಒಳ್ಳೆಯದೇ ಆಯ್ತು. ಇನ್ನು ಅರ್ಧ ಗಂಟೆ ಉಂಟು.

12.50

ಬೆಲ್ ಹೊಡೆಯಲಿಲ್ಲ. ನಾನು ಪಾಳಿಗೆ ಕೂತ ಶುಕ್ರವಾರಗಳಲ್ಲಿ ಮೊದಲ ಸಲ.

ಶಟರ್ ತಟ್ಟುತ್ತಿದ್ದಾರೆ. ಮೂರು ಸಲ. ತಗಡಿನ ಸದ್ದು, ಬಾಗಿಲಿನ ನಡು ಎತ್ತರದಲ್ಲಿ. ಶಟರ್ ಅಲ್ಲಿಲ್ಲ. ಮೇಲೆ ಸುತ್ತಿ ಉಂಟು. ಬಾಗಿಲು ತೆರೆದೇ ಉಂಟು, ಬಿಸಿಲು ಕಾಣ್ತದೆ, ಎದುರಿನ ಕೊಡೆ ಅಂಗಡಿ ಕಾಣ್ತದೆ. ಯಾರೂ ಇಲ್ಲ.

ಗುಲಾಬಕ್ಕ ಅಂತ. ಎರಡು ಸಲ.

ಚಪ್ಪಲಿ ಇಲ್ಲ. ಈಗ ಇತ್ತು. ಒಂದೂ ಇಲ್ಲ.

ಮತ್ತೆ ಮೂರು.

ಎದ್ದೇಳು ಗುಲಾಬಿ. ಬರಿಗಾಲಲ್ಲೇ ಹೋಗು. ಬಂದೆ ಮಗಾ, ಬಂದೆ, ನಾನು ಒಳಗೇ