ಅತಾವುಲ್ಲಾ ಹಾಕಬೇಕಿದ್ದ ನೆಲ

ನವೆಂಬರ್ 10, ಭಾನುವಾರ

ವೀಕ್ಲಿ ಆಫ್. ಚಹಾ ಕುಡಿದವರೇ ಹರಪನಹಳ್ಳಿಗೆ ಹೊರಟೆವು — ನಾನು, ನೀಲಗಂಗಮ್ಮ, ಅತಾವುಲ್ಲಾ. ಟೈಲ್ಸ್ ಅಂಗಡಿಗೆ ಕಾಲಿಟ್ಟರೆ ಕಣ್ಣು ಕೋರೈಸಿತು. ಗೋಡೆ ತುಂಬ ಬಿಲ್ಲೆಗಳು, ಮೇಲೆ ಸಾಲು ದೀಪ. ದರ್ಬಾರ್ ಸೀನಿನ ಪರದೆ ಎದ್ದ ಹಾಗೆ. ತಡೆಯಲಾಗದೆ “ಭಲೇ” ಅಂದುಬಿಟ್ಟೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಹೆಂಡತಿ ನನಗೂ ತನಗೂ ಸಂಬಂಧವಿಲ್ಲದವಳಂತೆ ದೂರ ಸರಿದಳು.

ನನ್ನ ಮನಸ್ಸು ಕನ್ನಡಿಯಂತೆ ಹೊಳೆಯುವ ಬಿಳಿ ಟೈಲಿನ ಮೇಲೆ. ನಮ್ಮ ಕೊಟ್ಟೂರಿನ ಧೂಳಿಗೆ ಅದು ಮಧ್ಯಾಹ್ನದವರೆಗೂ ಬಿಳಿ ಉಳಿಯುವುದಿಲ್ಲ ಅಂದಳು ನೀಲಗಂಗಮ್ಮ. ಅತಾವುಲ್ಲಾ ಅವಳ ಪಕ್ಷ ಸೇರಿದ.

“ಲೇ ಗಾದಿ, ನೆಲದಾಗ ನಿನ್ನ ಮಾರಿ ನೋಡ್ಕೊಳ್ಳೋ ಆಸಿ ಇದ್ರ ಹೇಳು. ಗ್ರೀನ್ ರೂಮಿನ ಕನ್ನಡಿನ ಕಿತ್ತು ತಂದು ಹಾಕ್ತೀನಿ.”

ಗಾದಿ ಅಂತ ಅವನು ಕರೆಯುವುದು ನನ್ನನ್ನೇ. ಅಂಗಡಿಯವನೂ ನಕ್ಕ. ಅತಾವುಲ್ಲಾನ ಮಾತಿಗೆ ನಗದವರು ಯಾರು? ಇಪ್ಪತ್ತು ವರ್ಷದಿಂದ ನಮ್ಮ ನಾಟಕ ಸಂಘದಲ್ಲಿ ನಾನು ರಾಜ, ಅವನು ರಾಜನ ಕಾಲೆಳೆಯುವ ಸೇವಕ. ಬಣ್ಣ ತೊಳೆದ ಮೇಲೆ ನಾನು ಬಸ್ ಕಂಡಕ್ಟರ್, ಅವನು ಟೈಲ್ಸ್ ಹಾಕುವವನು. ಕೊನೆಗೆ ಜೋಳದ ಬಣ್ಣದ, ಹೊಳಪಿಲ್ಲದ ಸೆರಾಮಿಕ್ ಟೈಲು ಗೊತ್ತುಮಾಡಿದೆವು.

ಊರಿಗೆ ಬಂದು, ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಮುಂದೆ ಜನರೆದುರು ಎಲೆ-ಅಡಿಕೆ ತರಿಸಿ ಅವನಿಗೆ ವೀಳ್ಯ ಕೊಟ್ಟೆ. ನಟನಿಗೆ ಕೊಡುವ ಹಾಗೆಯೇ. ನಮ್ಮಲ್ಲಿ ವೀಳ್ಯ ಹಿಡಿದವನು ಬೇರೆ ನಾಟಕ ಒಪ್ಪುವುದಿಲ್ಲ, ಕೊಟ್ಟವನು ಬೇರೆ ನಟನನ್ನು ಕರೆಯುವುದಿಲ್ಲ. ಅವನು ಮೊಣಕಾಲೂರಿ ತೆಗೆದುಕೊಂಡ. ಜನ ನಕ್ಕರು. ಆದರೆ ಅಲ್ಲೇ ನಿಂತು ಉಜ್ಜಿನಿಯವರಿಗೆ ಫೋನ್ ಮಾಡಿದ — ನಿಮ್ಮ ಮನೆ ಕೆಲಸ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂತ. ಅದು ಮಾತ್ರ ತಮಾಷೆಯಲ್ಲ.

ನವೆಂಬರ್ 14, ಗುರುವಾರ

ಹೊಸಪೇಟೆಯಿಂದ ಹೆಂಡತಿಯ ತಮ್ಮ ಗವಿಸಿದ್ದೇಶ್ ಬಂದಿದ್ದ. ಸ್ಯಾಂಪಲ್ ಟೈಲನ್ನು ಕಾಲ ಬೆರಳಿನಿಂದ ಸರಿಸಿದ.

“ಮಾವ, ಇಂಥವು ದನದ ಕೊಟ್ಟಿಗಿಗೆ ಹಾಕಸ್ತಾರ. ಊರಾಗ ನಿಮ್ಮ ಹೆಸರೇನು, ನಿಮ್ಮ ಮನಿ ನೆಲ ಏನು?”

ಮೊಬೈಲಿನಲ್ಲಿ ಫೋಟೋ ತೋರಿಸಿದ. ಹಾಲು ಚೆಲ್ಲಿದಂಥ ಹಾಲ್. ಅವನ ಪರಿಚಯದ ಹುಡುಗರಿದ್ದಾರಂತೆ, ಲೇಸರ್ ಮಷೀನು ಇಟ್ಟುಕೊಂಡು ಹಾಕುತ್ತಾರಂತೆ. ಅಂಥ ನೆಲದ ಮೇಲೆ ನಾನು ಕೈ ಹಿಂದೆ ಕಟ್ಟಿ ನಡೆದು ಬರುವುದು ಕಣ್ಣಿಗೆ ಕಟ್ಟಿತು. ಅಷ್ಟೇ. ಹೂಂ ಅಂದೆ.

“ಅತಾವುಲ್ಲಾಗ ಏನಂತ ಹೇಳ್ತೀರಿ?” ಅಂದಳು ನೀಲಗಂಗಮ್ಮ.

ನಾಳೆ ಹೇಳ್ತೀನಿ ಅಂದೆ.

ನವೆಂಬರ್ 19, ಮಂಗಳವಾರ

ಹೇಳಿಲ್ಲ.

ಅವನೇ ಫೋನ್ ಮಾಡಿದ. ಟೈಲ್ಸ್ ಬಂದವೇನು ಅಂತ. ಬಂದಿಲ್ಲ, ಸ್ಟಾಕ್ ಇಲ್ಲವಂತೆ ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು… ಕಂಠಪಾಠ ಮಾಡಿದ ಹಾಗೆ. ಅವನು ಉಜ್ಜಿನಿ ಕೆಲಸವನ್ನೂ ಬಿಟ್ಟು ಖಾಲಿ ಕೂತಿದ್ದಾನೆ. ಬೈಯಬಹುದಿತ್ತು. “ಬರ್ಲಿ ಬಿಡು, ನಿನ್ನ ನೆಲ ಎಲ್ಲಿ ಓಡಿ ಹೋಗ್ತೈತಿ” ಅಂದು ನಕ್ಕ.

ಬೈದಿದ್ದರೆ ಊಟ ಸೇರುತ್ತಿತ್ತು.

ನವೆಂಬರ್ 25, ಸೋಮವಾರ, ಬೆಳಿಗ್ಗೆ 11

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಲಾರಿ ಬಂತು. ಪಡಸಾಲೆಯಲ್ಲಿ ಬಿಳಿ ಟೈಲಿನ ಡಬ್ಬಿಗಳು ಎದೆಮಟ್ಟ. ಗವಿಸಿದ್ದೇಶನ ಹುಡುಗರು ನಾಳೆ ಬರುವವರು. ನನಗೆ ಮಧ್ಯಾಹ್ನದ ಡ್ಯೂಟಿ. ಇವತ್ತು ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ — ಅತಾವುಲ್ಲಾ. ಹೆಗಲಿಗೆ ಚೀಲ, ಕೈಯಲ್ಲಿ ಟೈಲ್ಸ್ ಕಟರ್. ಲಾರಿ ಬಂದದ್ದು ಯಾರೋ ಹೇಳಿರಬೇಕು. ನಾನು ಕರೆಯಲು ಮರೆತೆನೆಂದುಕೊಂಡು ತಾನೇ ಬಂದಿದ್ದಾನೆ, ಕೆಲಸಕ್ಕೆ ತಯಾರಾಗಿ.

ಓಡಿ ಹೋಗಿ ಬಚ್ಚಲಲ್ಲಿ ಅಡಗಿದೆ. ಹೌದು, ಅಡಗಿದೆ. ಡ್ಯೂಟಿಗೆ ಹೋಗ್ಯಾರ ಅನ್ನು ಎಂದು ಹೆಂಡತಿಗೆ ಸನ್ನೆ ಮಾಡಿ ಚಿಲಕ ಹಾಕಿಕೊಂಡೆ.

ಅವಳು ಹೇಳಿದಳು. ಅವನು ಡಬ್ಬಿಗಳನ್ನು ನೋಡಿರಬೇಕು. ಬಾಗಿಲಲ್ಲೇ ಬಿದ್ದಿದ್ದ ನನ್ನ ಡ್ಯೂಟಿ ಬೂಟನ್ನೂ. ಆಮೇಲೆ ಗಂಟಲು ಸರಿಮಾಡಿಕೊಂಡ. ನಮ್ಮ ನಾಟಕದ ಮೊದಲ ಅಂಕದಲ್ಲಿ, ಖಾಲಿ ರಂಗದ ಮೇಲೆ ಸೇವಕ ಒಬ್ಬನೇ ಬಂದು ಕೂಗುವ ಮಾತು —

“ಪ್ರಭುಗಳು ಎದ್ದಿರುವಿರೋ, ಇನ್ನೂ ಹಾಸಿಗೆಯೇ ಸಿಂಹಾಸನವೋ?”

ಇದಕ್ಕೆ ರಾಜ ಪರದೆಯ ಹಿಂದಿನಿಂದ ಗರ್ಜಿಸಬೇಕು. ಇಪ್ಪತ್ತು ವರ್ಷ ಗರ್ಜಿಸಿದ್ದೇನೆ. ಇವತ್ತೂ ಗರ್ಜಿಸಿದೆ. ಯೋಚನೆಗಿಂತ ಮುಂಚೆ ಬಾಯಿ ತೆರೆದಿತ್ತು.

“ಯಾರವನು? ಇತ್ತ ಬಾ!”

ಬಚ್ಚಲಿನ ಗೋಡೆಗಳು ದನಿಯನ್ನು ಎರಡು ಪಟ್ಟು ಮಾಡಿ ಬೀದಿಗೆ ಎಸೆದವು. ಎದುರು ಮನೆಯಲ್ಲಿ ಯಾರೋ ಕಿಸಕ್ಕೆಂದರು.

ಅವನು ನಗಲಿಲ್ಲ. ಚೀಲ ಎತ್ತಿಕೊಂಡ ಸದ್ದು. ಚಪ್ಪಲಿಯ ಸದ್ದು. ನಾನು ಚಿಲಕ ತೆಗೆಯಲಿಲ್ಲ. ಆಗಲೂ ತೆಗೆಯಬಹುದಿತ್ತು.

“ಹೋದ,” ಅಂದಳು ನೀಲಗಂಗಮ್ಮ ಹೊರಗಿನಿಂದ. “ಇನ್ನ ಹೊರಗ ಬರ್ರಿ, ಡ್ಯೂಟಿಗೆ ಹೊತ್ತಾತು.”

ಡಿಸೆಂಬರ್ 9, ಸೋಮವಾರ

ನೆಲ ಮುಗಿಯಿತು. ಸೊಟ್ಟಗೆ ಬಂದಿದ್ದರೆ ಬೈಯಲು ಒಂದು ನೆಪವಾದರೂ ಸಿಗುತ್ತಿತ್ತು. ಬಹಳ ಚೆನ್ನಾಗಿ ಬಂದಿದೆ. ನೋಡಿದವರೆಲ್ಲ ಹೊಗಳುತ್ತಾರೆ; ಹೊಗಳಿ, ಅತಾವುಲ್ಲಾನ ಕೈಯೇ ಕೈ ಅನ್ನುತ್ತಾರೆ. ವೀಳ್ಯ ಕೊಟ್ಟದ್ದನ್ನು ಎಲ್ಲರೂ ಕಂಡವರೇ. ನಾನು ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ಚಹಾ ಕುಡೀರಿ ಅನ್ನುತ್ತೇನೆ.

ಪ್ರಾಕ್ಟೀಸಿಗೆ ಅವನು ಬರುತ್ತಿಲ್ಲ. ಮೈ ಸರಿಯಿಲ್ಲವಂತೆ ಅಂದರು ಸಂಘದವರು. ನನ್ನನ್ನು ಏನೂ ಕೇಳಲಿಲ್ಲ. ಅಂದರೆ ಅವನು ಯಾರಿಗೂ ಹೇಳಿಲ್ಲ. ಬೀದಿಯಲ್ಲಿ ಹೇಳಿ ನಗಿಸಿದ್ದರೆ ಎಂಥ ಕಥೆ ಅದು, ಅವನ ಬಾಯಲ್ಲಿ… ಒಬ್ಬರಿಗೂ ಹೇಳಿಲ್ಲ.

ಬಿಳಿ ನೆಲದಲ್ಲಿ ನಡೆಯುವಾಗ ಕೆಳಗೆ ನೋಡದ ಹಾಗೆ ನಡೆಯುತ್ತೇನೆ.

ಡಿಸೆಂಬರ್ 12, ಗುರುವಾರ

ಬೆಳಗಿನ ಹರಪನಹಳ್ಳಿ ಟ್ರಿಪ್. ಬಸ್ಸು ತುಂಬಿತ್ತು. ಹಿಂದಿನ ಬಾಗಿಲಲ್ಲಿ ಹತ್ತಿದ — ಅದೇ ಚೀಲ. ಯಾವಾಗಲೂ ಅವನು ಹತ್ತಿದರೆ “ಲೇ ಗಾದಿ, ರಾಜರಿಗೂ ನಿಂತ್ಕೊಳ್ಳೋ ಪಾಳಿ ಬಂತಲ್ಲೋ” ಅನ್ನುವವನು. ಟಿಕೆಟ್ ಮಷೀನು ಹಿಡಿದು ಹತ್ತಿರ ಹೋದೆ.

“ಒಂದು ಚಿಗಟೇರಿ ಕೊಡ್ರಿ, ಕಂಡಕ್ಟ್ರೆ.”

ಮುಖ ನೋಡಿ ಅಂದಿದ್ದರೆ ಸಿಟ್ಟು ಅಂದುಕೊಳ್ಳುತ್ತಿದ್ದೆ. ಕಿಟಕಿ ನೋಡುತ್ತ ಅಂದ. ಗುರುತಿಲ್ಲದವರು ಅನ್ನುವ ಹಾಗೆ.

ವೀಳ್ಯ ಕೊಟ್ಟದ್ದು ಹತ್ತು ಜನರೆದುರು, ತಪ್ಪನ್ನೂ ಹತ್ತು ಜನರೆದುರೇ ಒಪ್ಪಬೇಕು ಅಂತ ತಲೆಗೆ ಬಂತು. ಕಂಬ ಹಿಡಿದು ನಿಂತೆ. ಬಾಯಿ ತೆರೆದೆ. ಬಂದದ್ದು ಎಂದಿನ ದನಿ, ರಂಗದ ದನಿ. “ಮಿತ್ರದ್ರೋಹವನ್ನು ಎಸಗಿದ ಈ ಪಾಪಿ ನಿನ್ನೆದುರು ತಲೆಬಾಗಿ ನಿಂತಿರುವನು…” ಒಂದು ಕೈ ತಾನಾಗಿಯೇ ಎದೆಗೆ ಹೋಯಿತು. ಮಷೀನು ಹಿಡಿದ ಕೈ.

ಬಸ್ಸೆಲ್ಲ ಚಪ್ಪಾಳೆ. ಮುಂದಿನ ಸೀಟಿನ ಹೆಂಗಸರು ಇನ್ನೊಂದು ಡೈಲಾಗ್ ಹೇಳ್ರಿ ಅಂದರು. ಡ್ರೈವರ್ ಜಂಬಯ್ಯ ಹಾರನ್ ಹೊಡೆದ. ನಾನು ಮನಸಾರೆ ಹೇಳಿದ್ದೆ. ಆದರೂ ಆ ಚಪ್ಪಾಳೆ ಕಿವಿಗೆ ಬಿದ್ದಾಗ… ಇದನ್ನು ಇಲ್ಲಿ ಬಿಟ್ಟು ಎಲ್ಲಿಯೂ ಬರೆಯಲಾರೆ… ಒಂದು ಗಳಿಗೆ ಹಿತವಾಯಿತು.

ಅವನು ಅದನ್ನು ನನ್ನ ಮುಖದಲ್ಲಿ ಕಂಡ. ಅಷ್ಟು ವರ್ಷ ಎದುರು ನಿಂತು ನಟಿಸಿದವನಿಗೆ ಕಾಣದಿರುತ್ತದೆಯೇ.

“ನಾಟಕ ಸಾಕು ಮಾಡ್ರಿ,” ಅಂದ, ನನಗೊಬ್ಬನಿಗೇ ಕೇಳುವ ಹಾಗೆ. “ಟಿಕೆಟ್ ಕೊಡ್ರಿ.”

ಕೊಟ್ಟೆ. ಚಿಗಟೇರಿಯಲ್ಲಿ ಇಳಿದು ಹೋದ.

ಡಿಸೆಂಬರ್ 15, ಭಾನುವಾರ, ಸಂಜೆ

ಅತಾವುಲ್ಲಾ ಮನೆಯಲ್ಲಿದ್ದಾನಂತೆ. ನೀಲಗಂಗಮ್ಮ ಅವನ ಹೆಂಡತಿ ಖುಷ್ನುಮಾಗೆ ಫೋನ್ ಮಾಡಿ ಕೇಳಿದಳು. ನಾನು ಕೇಳು ಅಂದಿರಲಿಲ್ಲ.

ಸಣ್ಣ ದನಿಯಲ್ಲಿ ಮಾತಾಡಲು ನೋಡುತ್ತಿದ್ದೇನೆ. ಬರುವುದಿಲ್ಲ. ಸಣ್ಣದು ಮಾಡಿದರೆ ಅದೂ ಪಾತ್ರದ ಪಿಸುಮಾತಾಗುತ್ತದೆ, ಹಿಂದಿನ ಸಾಲಿನವರಿಗೂ ಕೇಳುವಂಥದು. ಅದಕ್ಕೇ ಇಲ್ಲಿ ಬರೆದು ಸರಿಮಾಡಿಕೊಳ್ಳೋಣ ಅಂತ ಕೂತೆ. “ಅತಾವುಲ್ಲಾ, ನಾನು ಅವತ್ತು ಮನಿಯಾಗ ಇದ್ದೆ” — ಇಲ್ಲಿಂದ ಶುರು. ಆಮೇಲೆ ಬಿಳಿ ಟೈಲಿನ ಮಾತು. ಆಮೇಲೆ ಗವಿಸಿದ್ದೇಶ… ಬೇಡ, ಅವನ ಹೆಸರು ತರಬಾರದು. ಹೂಂ ಅಂದವನು ನಾನು. ಹೊಡೆದು ಹಾಕಿ ಮತ್ತೆ ಬರೆದೆ.

ಹೆಂಡತಿ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

“ಇದನ್ನೂ ಬಾಯಿಪಾಠ ಮಾಡಿ ಹೇಳ್ತೀರೇನ್ರಿ?” ಅಂದಳು. ಬೇಸರದಿಂದಲ್ಲ, ನಿಜವಾಗಿಯೂ ಕೇಳಿದಳು.

ನಿಜ. ಬರೆದರೆ ಮತ್ತೆ ಸಂಭಾಷಣೆಯೇ ಆಗುತ್ತದೆ. ಏನು ಹೇಳುತ್ತೇನೋ ಗೊತ್ತಿಲ್ಲದೆಯೇ ಹೋಗಬೇಕು. ಅವನು ಬಾಗಿಲು ತೆಗೆದರೆ ನಾನು ಮೊದಲು… ಬೇಡ, ಬರೆಯುವುದಿಲ್ಲ, ಹೊರಟೆ.